ಹಂಡೆ ನೋಡಿ ಕೊನೆ ಇಳಿಸು!

ಕೊಯ್ಲಿನ ಅಂಗಳದಲ್ಲಿ ಸೋರುತ್ತಿರುವುದು ಅಡಿಕೆಯಲ್ಲ, ಹೊತ್ತು

ಸಾಗರ: ಅಂಗಳದಲ್ಲಿ ಹಸಿ ಅಡಿಕೆ ರಾಶಿ ಬಿದ್ದಿದೆ, ಸುಲಿಯುವವರಿಲ್ಲ. ಸುಲಿಯುವವರು ಬಂದರು, ಕರೆಂಟು ಹೋಯಿತು. ಕರೆಂಟು ಬಂತು, ಹಂಡೆಯಲ್ಲಿ ಹಿಂದಿನ ಒಬ್ಬೆ ಇನ್ನೂ ಬೇಯುತ್ತಲೇ ಇದೆ. ಹಂಡೆ ಖಾಲಿಯಾಯಿತು, ಚಪ್ಪರದಲ್ಲಿ ಹರಡಲು ಜಾಗವಿಲ್ಲ. ಹೇಗೋ ಜಾಗ ಮಾಡಿಕೊಂಡರು, ಪಡುವಣದಲ್ಲಿ ಮೋಡ!

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ದೀಪಾವಳಿಯ ಆಸುಪಾಸಿನಿಂದ ಸಂಕ್ರಾಂತಿ ದಾಟುವವರೆಗೆ ನಡೆಯುವ ನಾಟಕ ಇದು. ಪಾತ್ರಧಾರಿಗಳು ಬದಲಾಗುತ್ತಾರೆ, ನಾಟಕ ಅದೇ. ತೋಟದ ಯಜಮಾನರನ್ನು ಕೇಳಿ ನೋಡಿ. ಶಿವಮೊಗ್ಗದಲ್ಲಿ ನಿನ್ನೆ ರಾಶಿ ಎಷ್ಟಕ್ಕೆ ಹೋಯಿತು, ಬೆಟ್ಟೆ ಎಷ್ಟು, ಸರಕು ಎಷ್ಟು, ಸಾಗರದಲ್ಲಿ ಚಾಲಿ ಎಷ್ಟು, ಎಲ್ಲ ಬಾಯಿಪಾಠ. ಅದೇ ಯಜಮಾನರಿಗೆ, ಈ ಕೊಯ್ಲಿನಲ್ಲಿ ನಿಮ್ಮ ಅಂಗಳದಲ್ಲಿ ಜನ ಎಷ್ಟು ತಾಸು ಸುಮ್ಮನೆ ಕೂತರು ಎಂದು ಕೇಳಿದರೆ ಸಿಗುವ ಉತ್ತರ: "ಅದಕ್ಕೆಲ್ಲ ಎಂತಕ್ಕೆ ಲೆಕ್ಕ ಇಡೋದು ಮಾರಾಯ್ರೆ?"

ಇಡಬೇಕಾದ ಲೆಕ್ಕ ಅದೇ ಎಂಬುದು ಗಮನಾರ್ಹ. ಯಾಕೆಂದರೆ ಬೆಳೆಗಾರನ ಕೈಯಲ್ಲಿ ಉಳಿದಿರುವುದು ಬಹಳ ಕಡಿಮೆ. ದರ ಅವನ ಕೈಯಲ್ಲಿಲ್ಲ. ಮಳೆ ಇಲ್ಲವೇ ಇಲ್ಲ. ಕೊಳೆರೋಗ ಮೊದಲಿನಿಂದಲೂ ಇತ್ತು, 2022ರ ಹೊತ್ತಿಗೆ ಎಲೆಚುಕ್ಕೆ ರೋಗವೂ ಮಲೆನಾಡಿನ ತೋಟಗಳಿಗೆ ಜೋರಾಗಿಯೇ ನುಗ್ಗಿತು. ಸೋಗೆ ಒಣಗಿದ ಮರ ಕೊನೆ ಬಿಡುವುದು ಎಷ್ಟು? ಫಸಲು ಕಡಿಮೆಯಾದಾಗ ಅವನು ಇನ್ನೂ ಹಿಡಿದುಕೊಳ್ಳಬಹುದಾದದ್ದು ಮರದಿಂದ ಮಂಡಿಯವರೆಗಿನ ದಾರಿಯೊಂದೇ. ಆ ದಾರಿಯಲ್ಲಿ ಎಲ್ಲೆಲ್ಲಿ ಸೋರುತ್ತಿದೆ ಎಂದು ನೋಡುವ ವಿದ್ಯೆಗೆ ಈಗ ಪೇಟೆ ಕಡೆ 'ಲೀನ್ ಮ್ಯಾನೇಜ್‌ಮೆಂಟ್' ಎಂಬ ಹೆಸರು. ಬೊಜ್ಜು ಕರಗಿಸಿದ ಆಡಳಿತ ಎಂದುಕೊಳ್ಳಿ.

ಸೀಮೆಸುಣ್ಣದ ವೃತ್ತ

ಈ ವಿದ್ಯೆ ಹುಟ್ಟಿದ್ದು ಅಮೆರಿಕದಲ್ಲಲ್ಲ, ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ. ಎರಡನೇ ಮಹಾಯುದ್ಧ ಸೋತು ಸುಣ್ಣವಾಗಿದ್ದ ದೇಶ. ದುಡ್ಡಿಲ್ಲ, ಉಕ್ಕಿಲ್ಲ, ಅಮೆರಿಕದವರ ಹಾಗೆ ರಾಶಿ ರಾಶಿ ಕಾರು ಮಾಡಿ ಗೋದಾಮಿನಲ್ಲಿ ಇಡುವ ತಾಕತ್ತಿಲ್ಲ. ತೈಚಿ ಓನೊ ಎಂಬ ಎಂಜಿನಿಯರ್ ಅಲ್ಲಿ ದಶಕಗಟ್ಟಲೆ ಕೂತು ಒಂದು ಪದ್ಧತಿ ಕಟ್ಟಿದ. ಪೋಲಿಗೆ ಜಪಾನಿನಲ್ಲಿ 'ಮುಡಾ' ಎನ್ನುತ್ತಾರೆ. (ಮೈಸೂರಿನ ಮುಡಾಕ್ಕೂ ಇದಕ್ಕೂ ಸಂಬಂಧವಿಲ್ಲ!) ಓನೊ ಏಳು ಬಗೆಯ ಪೋಲನ್ನು ಗುರುತಿಸಿದ: ಬೇಕಾದ್ದಕ್ಕಿಂತ ಹೆಚ್ಚು ತಯಾರಿಸುವುದು, ಕಾಯುವುದು, ಸುಮ್ಮನೆ ಅಲ್ಲಿಂದಿಲ್ಲಿಗೆ ಸಾಗಿಸುವುದು, ಬೇಡದ ಕೆಲಸ ಮಾಡುವುದು, ದಾಸ್ತಾನು ಬೀಳಿಸುವುದು, ಆಳು ಅನಗತ್ಯವಾಗಿ ಓಡಾಡುವುದು, ಕೆಟ್ಟ ಮಾಲು ಮಾಡಿ ಆಮೇಲೆ ರಿಪೇರಿಗೆ ಕೂರುವುದು. ಎಲ್ಲಕ್ಕಿಂತ ಕೆಟ್ಟದ್ದು ಮೊದಲನೆಯದು, ಉಳಿದ ಆರು ಅದರ ಮಕ್ಕಳು ಎಂಬುದು ಅವನ ವಾದ.

ಅಮೆರಿಕದವರು ಇದಕ್ಕೆ 'ಲೀನ್' ಎಂದು ನಾಮಕರಣ ಮಾಡಿದ್ದು 1988ರಲ್ಲಿ. 1990ರಲ್ಲಿ ಬಂದ ಒಂದು ಪುಸ್ತಕದಿಂದ ಊರೂರಿಗೆ ಹಬ್ಬಿತು. ಓನೊ ತೀರಿಕೊಂಡದ್ದೂ ಅದೇ ವರ್ಷ. ಕರ್ನಾಟಕದ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 1999ರ ಡಿಸೆಂಬರ್‌ನಲ್ಲಿ ಗಾಡಿ ಹೊರಬರತೊಡಗಿದ ಮೇಲೆ ಈ ಮಾತುಗಳು ಕನ್ನಡದ ಹುಡುಗರ ಕಿವಿಗೂ ಬಿದ್ದವು. ಮಲೆನಾಡಿನ ಎಷ್ಟು ಮಕ್ಕಳು ಬೆಂಗಳೂರಿನ ಕಂಪನಿಗಳಲ್ಲಿ ದಿನಾ ಇದೇ ಪಾಠ ಮಾಡಿ, ದೀಪಾವಳಿಗೆ ಊರಿಗೆ ಬಂದು, ಅಪ್ಪನ ಅಂಗಳದಲ್ಲಿ ಮೊಬೈಲು ಹಿಡಿದು ಕೂತು, ಸುಲಿಯುವವರು ಬರಲಿ ಎಂದು ಕಾಯುವುದಿಲ್ಲ!

ಓನೊನ ಒಂದು ಅಭ್ಯಾಸ ಪ್ರಸಿದ್ಧ. ಕಾರ್ಖಾನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಎಳೆದು, ಅಧಿಕಾರಿಯನ್ನು ಅದರೊಳಗೆ ನಿಲ್ಲಿಸಿ, "ನೋಡು" ಎಂದು ಹೋಗಿಬಿಡುತ್ತಿದ್ದನಂತೆ. ತಾಸುಗಟ್ಟಲೆ ನಿಂತು ನೋಡಿದವನಿಗೆ ಕಡೆಗೆ ಪೋಲು ಕಣ್ಣಿಗೆ ಬೀಳಬೇಕು.

ಆ ವೃತ್ತವನ್ನು ಅಡಿಕೆ ಅಂಗಳದಲ್ಲಿ ಎಳೆದರೆ?

ಕೂತವರು ಯಾರು?

ಮೊದಲು ಕಣ್ಣಿಗೆ ಬೀಳುವುದು ಅಡಿಕೆಯಲ್ಲ, ಕೂತ ಜನ. ಮೆಟ್ಟುಗತ್ತಿ ಎದುರು ಹತ್ತು ಜನ ಹೆಂಗಸರು ಬಂದು ಕೂತಿದ್ದಾರೆ ಎನ್ನಿ. ಕೊನೆ ಇನ್ನೂ ತೋಟದಿಂದ ಬಂದಿಲ್ಲ. ಕೊನೆ ತೆಗೆಯುವವನು ಪಕ್ಕದ ಊರಿನ ತೋಟ ಮುಗಿಸಿ ಬರಬೇಕು. ಹತ್ತು ಜನ ಎರಡೆರಡು ತಾಸು ಕಾದರೆ ಇಪ್ಪತ್ತು ತಾಸು. ಎಂಟು ತಾಸಿನ ಆಳಿನ ಲೆಕ್ಕದಲ್ಲಿ ಎರಡೂವರೆ ಆಳು. ಒಂದೇ ದಿನದಲ್ಲಿ!

ಇದು ಯಜಮಾನರ ಲೆಕ್ಕದ ಪುಸ್ತಕದಲ್ಲಿ ಯಾಕೆ ಕಾಣುವುದಿಲ್ಲ? ಕಾರಣ ಸರಳ. ಸುಲಿಗೆಯ ಕೂಲಿ ಕಿಲೋ ಲೆಕ್ಕ, ಹಿಂದೆ ಡಬ್ಬದ ಲೆಕ್ಕ. ಸುಲಿದಷ್ಟಕ್ಕೆ ದುಡ್ಡು. ಕಾದದ್ದಕ್ಕೆ ಇಲ್ಲ. ಆ ಎರಡೂವರೆ ಆಳಿನ ಕೂಲಿ ಹೋದದ್ದು ಯಜಮಾನರ ಜೇಬಿನಿಂದಲ್ಲ, ಆ ಹತ್ತು ಹೆಂಗಸರ ಸೆರಗಿನ ಗಂಟಿನಿಂದ. ಸಂಜೆ ಮನೆಗೆ ಹೋಗುವ ಬದಲು ರಾತ್ರಿ ಹತ್ತರವರೆಗೆ ಕೂತು ಅದನ್ನು ತುಂಬಿಕೊಳ್ಳಬೇಕು. ಮನೆಯಲ್ಲಿ ಮಕ್ಕಳು ಕಾಯುತ್ತಿರುತ್ತಾರೆ. ಕಾಯುವುದೂ ಒಂದು ಸರಪಳಿ. ಆದರೆ ಅದರ ಭಾರ ಬೀಳುವುದು ಯಾವಾಗಲೂ ಕೊನೆಯ ಕೊಂಡಿಗೆ.

"ಅದಕ್ಕೇ ಮಿಶನ್ ತಂದದ್ದು" ಎನ್ನುವವರಿದ್ದಾರೆ. ಸುಲಿಯುವ ಯಂತ್ರ ಬಂತು, ನಿಜ. ಕೂತು ಸುಲಿಯುವವರಿಗೆ ಅಭಾವ ಬಂದದ್ದೂ ನಿಜ. ಆದರೆ ಯಂತ್ರ ಬಂದ ಎಷ್ಟೋ ಅಂಗಳಗಳಲ್ಲಿ ಕಾಯುವುದು ನಿಂತಿಲ್ಲ, ಜಾಗ ಬದಲಿಸಿದೆ ಅಷ್ಟೆ. ಮೊದಲು ಕತ್ತಿ ಎದುರು ರಾಶಿ ಬೀಳುತ್ತಿತ್ತು, ಈಗ ಹಂಡೆ ಎದುರು ಬೀಳುತ್ತದೆ. ಯಂತ್ರ ಬುಟ್ಟಿ ಬುಟ್ಟಿ ಸುಲಿದು ಎಸೆಯುತ್ತದೆ, ಹಂಡೆ ಅಜ್ಜನ ಕಾಲದ್ದೇ! ಸುಲಿದ ಹಸಿ ಅಡಿಕೆ ಬೇಯದೆ ಬಿದ್ದಿದ್ದರೆ ಬಣ್ಣ ಕೆಡುತ್ತದೆ, ಬೆಂದದ್ದು ಹರಡಲು ಜಾಗವಿಲ್ಲದೆ ಗುಡ್ಡೆಯಾಗಿ ಬಿದ್ದಿದ್ದರೆ ಬೂಸ್ಟು ಹಿಡಿಯುತ್ತದೆ. ಎಲ್ಲಕ್ಕಿಂತ ನಿಧಾನದ ಜಾಗ ಯಾವುದೋ ಇಡೀ ಅಂಗಳದ ವೇಗ ಅದೇ. ಉಳಿದ ಕಡೆ ಎಷ್ಟು ಜೋರು ಮಾಡಿದರೂ ರಾಶಿ ದೊಡ್ಡದಾಗುತ್ತದೆಯೇ ಹೊರತು ಮೂಟೆ ಹೆಚ್ಚಾಗುವುದಿಲ್ಲ.

ಓನೊ ತಲೆಗೆ ಈ ವಿಚಾರ ಹೊಳೆದದ್ದು ಅಮೆರಿಕದ ಸೂಪರ್ ಮಾರ್ಕೆಟ್ಟುಗಳ ಪದ್ಧತಿಯಿಂದ ಎಂಬುದು ಸ್ವಾರಸ್ಯಕರ. ಗಿರಾಕಿ ಕಪಾಟಿನಿಂದ ಎಷ್ಟು ತೆಗೆದನೋ ಅಷ್ಟನ್ನೇ ಹಿಂದಿನಿಂದ ತಂದು ಇಡುತ್ತಾರೆ. ಮುಂದಿನವನು ಎಳೆದಷ್ಟೇ ಹಿಂದಿನವನು ಮಾಡಬೇಕು. ಅಡಿಕೆಗೆ ಇದನ್ನು ಹೇಳುವುದಾದರೆ ನಾಲ್ಕೇ ಮಾತು: ಹಂಡೆ ನೋಡಿ ಕೊನೆ ಇಳಿಸು. ಚಪ್ಪರದಲ್ಲಿ ನಾಳೆ ಎಷ್ಟು ಜಾಗ ಖಾಲಿಯಾಗುತ್ತದೆ, ಹಂಡೆಯಲ್ಲಿ ಎಷ್ಟು ಒಬ್ಬೆ ಇಳಿಯುತ್ತದೆ, ಅಷ್ಟಕ್ಕೆ ತಕ್ಕ ಕೊನೆ ಇವತ್ತು.

ಹೇಳುವುದು ಸುಲಭ ಎನ್ನುತ್ತೀರಿ. ಹೌದು. ಕೊನೆ ತೆಗೆಯುವವನು ಸಿಕ್ಕ ದಿನವೇ ಇಡೀ ತೋಟ ಇಳಿಸಬೇಕು, ಬಿಟ್ಟರೆ ಅವನು ಮತ್ತೆ ಸಿಗುವುದು ಯಾವತ್ತೋ. ಅಷ್ಟು ದಿನ ಮರದಲ್ಲೇ ಬಿಟ್ಟರೆ ಅಡಿಕೆ ಬಲಿತು ಗೊರಬಲೋ ಗೋಟೋ ಆಗಿಬಿಡುತ್ತದೆ, ದರ ಬೀಳುತ್ತದೆ. ನೂರಡಿ ಮರ ಹತ್ತಿ, ಒಂದು ಮರದಿಂದ ಇನ್ನೊಂದಕ್ಕೆ ಜಿಗಿದು ಕೊನೆ ಇಳಿಸುವ ಜನ ಊರಿಗೆ ಒಬ್ಬಿಬ್ಬರು ಉಳಿದಿದ್ದಾರೆ. ಅವರ ಮಕ್ಕಳು ಆ ಕೆಲಸಕ್ಕೆ ಬರುತ್ತಿಲ್ಲ. ಯಾಕೆ ಬರಬೇಕು? ಹಾಗಾಗಿ ಒಬ್ಬನೇ ಯಜಮಾನ ಒಬ್ಬನೇ ಅಂಗಳದಲ್ಲಿ ಈ ಗಂಟು ಬಿಡಿಸಲಾರ.

ಮುಯ್ಯಾಳಿನ ಕಾಲ

ಹಿಂದಿನವರು ಬಿಡಿಸಿದ್ದರು. ಮುಯ್ಯಾಳು ಎಂಬ ಪದ್ಧತಿ ಇತ್ತಲ್ಲ! ಇವತ್ತು ನಿಮ್ಮನೆ ಅಂಗಳಕ್ಕೆ ಕೇರಿಯವರೆಲ್ಲ, ನಾಳೆ ನಮ್ಮನೆಗೆ, ನಾಡಿದ್ದು ಆಚೆಮನೆಗೆ. ಕೂಲಿ ದುಡ್ಡಿನಲ್ಲಲ್ಲ, ಕೆಲಸದಲ್ಲೇ ತೀರುವಳಿ. ಕೊನೆ ತೆಗೆಯುವ ದಿನ ಕೇರಿಯ ಲೆಕ್ಕದಲ್ಲಿ ಗೊತ್ತಾಗುತ್ತಿತ್ತು. ಟೊಯೋಟಾದವರು ಕೆಲಸದ ಏರಿಳಿತ ಸಮ ಮಾಡಬೇಕು ಎಂದು ಬೋರ್ಡು ಹಾಕಿ ಕಲಿಸುವುದನ್ನು ಇಲ್ಲಿ ಎಲೆಯಡಿಕೆ ತಟ್ಟೆ ಎದುರು ಕೂತು ಮಾಡಿ ಮುಗಿಸುತ್ತಿದ್ದರು.

ಹಾಗೆಂದು ಹಿಂದಿನದೆಲ್ಲ ಬಂಗಾರ ಎಂದೇನಲ್ಲ. ಮುಯ್ಯಿ ನಡೆದದ್ದು ಸರೀಕರ ನಡುವೆ. ಕೂಲಿಯವರ ಹೊತ್ತನ್ನು ಆಗಲೂ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆದರೆ ವಸ್ತುವಿನ ಮಟ್ಟಿಗೆ ಮಾತ್ರ ಹಿಂದಿನ ಅಡಿಕೆ ಮನೆ ಜಿಪುಣಾಗ್ರೇಸರ. ಬಿದ್ದ ಹಾಳೆ ಟೋಪಿಯಾಯಿತು, ಕೊಟ್ಟೆಯಾಯಿತು. ಸೋಗೆ ಮಾಡಿಗೆ ಹೋಯಿತು. ಸಿಪ್ಪೆ ತೋಟದ ಬುಡಕ್ಕೆ ವಾಪಸ್ಸು. ಅಡಿಕೆ ಬೇಯಿಸಿದ ಚೊಗರನ್ನು ಚೆಲ್ಲದೆ ಮುಂದಿನ ಒಬ್ಬೆಗೆ ಬಣ್ಣಕ್ಕೆಂದು ಇಟ್ಟುಕೊಂಡರು.

ಕೆಟ್ಟ ಮೇಲೆ ರಿಪೇರಿ ಮಾಡುವುದಕ್ಕಿಂತ ಕೆಡದ ಹಾಗೆ ನೋಡಿಕೊಳ್ಳುವ ಪಾಠವೂ ಇಲ್ಲಿಗೆ ಹೊಸದಲ್ಲ. ಕೊಳೆರೋಗಕ್ಕೆ ಕೊನೆಕೊನೆಗೂ ಕೊಟ್ಟೆ ಕಟ್ಟುತ್ತಿದ್ದ ಕಾಲದಲ್ಲಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಆ ರೋಗದ ಬೆನ್ನು ಹತ್ತಿ, ಮಳೆ ಹಿಡಿಯುವ ಮುಂಚೆಯೇ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವುದನ್ನು ರೂಢಿಗೆ ತಂದರು. ನೂರು ಲೀಟರ್ ನೀರಿಗೆ ಕಿಲೋ ಮೈಲುತುತ್ತ, ಕಿಲೋ ಸುಣ್ಣ. 40-45 ದಿನಕ್ಕೆ ಮತ್ತೊಂದು ಸಲ. ಇವತ್ತಿಗೂ ಮರ ಹತ್ತುವವನಿಗಾಗಿ ಕಾದು ಕಾದು ಆ ದಿನ ತಪ್ಪಿಸಿಕೊಂಡವನ ತೋಟದಲ್ಲೇ ಉದುರು ಜಾಸ್ತಿ. ಒಲೆಯ ಕಥೆಯೂ ಹಾಗೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳ್ತನದಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ಕೊಟ್ಟ ಒಲೆ, ಕಡಿಮೆ ಸೌದೆಯಲ್ಲಿ ಹೆಚ್ಚು ಬೇಯಿಸುವುದನ್ನು ಹಳ್ಳಿ ಮನೆಗಳಿಗೆ ತೋರಿಸಿತು.

ಚೇಣಿ ತಂದ ಸಿಪ್ಪೆ

ಈಗ ಎಷ್ಟೋ ಬೆಳೆಗಾರರು ಈ ರಗಳೆಯೇ ಬೇಡ ಎಂದು ಫಸಲನ್ನು ಚೇಣಿಗೆ ಕೊಡುತ್ತಿದ್ದಾರೆ. ಚೇಣಿದಾರ ತನ್ನ ಜನ ಕರೆತಂದು ಕೊನೆ ಇಳಿಸಿ, ಹಸಿ ಅಡಿಕೆ ತೂಗಿ, ತನ್ನ ಅಂಗಳಕ್ಕೆ ಸಾಗಿಸುತ್ತಾನೆ. ಹಸಿ ಕ್ವಿಂಟಾಲಿಗೆ ಇಷ್ಟು ಕಿಲೋ ಒಣ ಅಡಿಕೆ ಎಂದೋ, ಇಷ್ಟು ದುಡ್ಡು ಎಂದೋ ಮಾತು. ಒಂದು ಲೆಕ್ಕದಲ್ಲಿ ಇದು ಬುದ್ಧಿವಂತಿಕೆಯೇ. ಹತ್ತು ತೋಟಕ್ಕೆ ಒಂದು ಹಂಡೆ, ಒಂದು ಯಂತ್ರ, ಒಂದು ಗುಂಪು. ದಿನಕ್ಕೊಂದು ತೋಟದಂತೆ ಕೊನೆ ಇಳಿಸಿದರೆ ಕಾಯುವುದು ತಪ್ಪುತ್ತದೆ. ಚೆನ್ನಾಗಿ ನಡೆಸುವ ಚೇಣಿದಾರನ ಅಂಗಳ ನೋಡಿದರೆ ಟೊಯೋಟಾದವರೂ ತಲೆದೂಗಬೇಕು.

ಆದರೆ ತೂಕ ನೋಡಿ. ಹಸಿ ಅಡಿಕೆ ಒಂದು ಕ್ವಿಂಟಾಲು ಸಾಗಿಸಿದರೆ ಹದ ನೋಡಿಕೊಂಡು 12 ಕಿಲೋ, 13 ಕಿಲೋ ಒಣ ಅಡಿಕೆ. ಉಳಿದದ್ದು ನೀರು ಮತ್ತು ಸಿಪ್ಪೆ. ಅಂದರೆ ಟ್ರಾಕ್ಟರಿನಲ್ಲಿ ಡೀಸೆಲ್ ಸುಟ್ಟು ಹೊತ್ತೊಯ್ದದ್ದರಲ್ಲಿ ಬಹುಪಾಲು ಮಂಡಿಗೆ ಹೋಗುವುದೇ ಅಲ್ಲ! ತೋಟದ ಬುಡದಲ್ಲೇ ಸುಲಿದಿದ್ದರೆ ಸಿಪ್ಪೆ ಅಲ್ಲೇ ಗೊಬ್ಬರವಾಗುತ್ತಿತ್ತು. ಚೇಣಿದಾರನ ಅಂಗಳದಲ್ಲಿ ಅದು ಗುಡ್ಡ. ಅವನಿಗೆ ಅದನ್ನು ಹಾಕಿಕೊಳ್ಳಲು ಅಷ್ಟು ತೋಟವಿಲ್ಲ. ರಾತ್ರೋರಾತ್ರಿ ರಸ್ತೆ ಬದಿಗೆ, ಹಳ್ಳದ ದಂಡೆಗೆ ಸುರಿದು ಹೋಗುವುದು ಅಲ್ಲಲ್ಲಿ ಮಾಮೂಲಾಗಿದೆ. ಮಳೆ ಬಿದ್ದರೆ ನಾತ, ಒಣಗಿದರೆ ಯಾರೋ ಬೆಂಕಿ ಇಡುತ್ತಾರೆ, ವಾರಗಟ್ಟಲೆ ಹೊಗೆ.

ಇತ್ತ ಸಿಪ್ಪೆ ಕಳಕೊಂಡ ತೋಟದ ಯಜಮಾನರು ಅಂಗಡಿಯಿಂದ ಗೊಬ್ಬರ ತರುತ್ತಾರೆ. ಒಬ್ಬನ ಪುಸ್ತಕದಲ್ಲಿ ಉಳಿತಾಯ, ಇನ್ನೊಬ್ಬನಲ್ಲಿ ಖರ್ಚು, ಊರಿಗೆ ಹೊಗೆ. ಚೇಣಿ ಮಾತಾಡುವಾಗಲೇ ಸಿಪ್ಪೆ ವಾಪಸ್ಸು ತೋಟಕ್ಕೆ ಬರಬೇಕು ಎಂದು ಒಂದು ಸಾಲು ಸೇರಿಸಿದರೆ? ಅಡಿಕೆ ತೂಗಿದ ಟ್ರಾಕ್ಟರು ಮರುದಿನ ಖಾಲಿ ಬರುವುದರ ಬದಲು ಸಿಪ್ಪೆ ಹೊತ್ತು ಬರಬಹುದು.

ಚೊಗರಿನ ವಿಷಯದಲ್ಲಿ ಸಾಗರ ತಾಲ್ಲೂಕು ದಾರಿ ತೋರಿಸಿದೆ. ಹೆಗ್ಗೋಡಿನ ಹತ್ತಿರದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಪ್ರಯತ್ನದಿಂದ 1996ರಲ್ಲಿ ಶುರುವಾದ 'ಚರಕ' ಮಹಿಳಾ ಸಹಕಾರ ಸಂಘ ಕೈಮಗ್ಗದ ಬಟ್ಟೆಗೆ ಹಾಕುವ ನೈಸರ್ಗಿಕ ಬಣ್ಣಗಳಲ್ಲಿ ಈ ಅಡಿಕೆ ಚೊಗರೂ ಒಂದು. ಅಂಗಳದ ಮೂಲೆಯ ಕೊಳಕು ನೀರು ಪೇಟೆಯವರ ಜುಬ್ಬಾದ ಬಣ್ಣವಾಯಿತು.

ದಾಸ್ತಾನಿನ ಎರಡು ಮುಖ

ಅದೇ ಚರಕ 2020ರಲ್ಲಿ ಕೊರೊನಾ ಹೊಡೆತಕ್ಕೆ ವ್ಯಾಪಾರ ನಿಂತು, ತಯಾರಿಕೆ ನಿಲ್ಲಿಸುವುದಾಗಿ ಸಾರಬೇಕಾಗಿ ಬಂತು. ನೇಯ್ದ ಬಟ್ಟೆ ಮಾರಾಟವಾಗದೆ ಕೂತರೆ ಅದರೊಳಗೆ ಸಿಕ್ಕಿಬೀಳುವುದು ನೂಲಿನ ದುಡ್ಡು, ಬಣ್ಣದ ದುಡ್ಡು, ಹೆಂಗಸರ ಸಂಬಳ. ದಾಸ್ತಾನು ಪೋಲು ಎಂದು ಓನೊ ಹೇಳಿದ್ದು ಅಲ್ಲಿ ಅಕ್ಷರಶಃ ನಿಜ.

ಅಡಿಕೆಯಲ್ಲಿ ಮಾತ್ರ ಜಪಾನಿನ ಲೆಕ್ಕವನ್ನು ಕಣ್ಣು ಮುಚ್ಚಿ ನುಂಗಬಾರದು. ಒಣಗಿಸಿ ಮೂಟೆ ಕಟ್ಟಿದ ಅಡಿಕೆ ಬೆಳೆಗಾರನ ಬ್ಯಾಂಕು. ದರ ಬಿದ್ದಾಗ ಮಾರದೆ ಕೂರುವುದೇ ಅವನಿಗಿರುವ ಒಂದೇ ಆಯುಧ. ಹಿಂದೆ ಮಗಳ ಮದುವೆಗೆ ಮಂಡಿಯವನಲ್ಲಿ ಸಾಲ ಮಾಡಿ, ಅವನು ಹೇಳಿದ ದರಕ್ಕೆ ಕೈ ಚಾಚುತ್ತಿದ್ದ ಬೆಳೆಗಾರನಿಗೆ ಉಸಿರು ಬಿಡಲು ಅವಕಾಶ ಕೊಟ್ಟದ್ದು ಸಹಕಾರಿ ಸಂಘಗಳು. ಶಿವಮೊಗ್ಗದ ಮ್ಯಾಮ್ಕೋಸ್ ಹುಟ್ಟಿದ್ದು 1939ರಲ್ಲಿ. ಸಾಗರದಲ್ಲಿ ಆಪ್ಸ್‌ಕೋಸ್ ಇದೆ. ಮಂಗಳೂರಿನ ಕ್ಯಾಂಪ್ಕೋ 1973ರಲ್ಲಿ ಬಂತು. ನಡುವಿನ ಕೈಗಳನ್ನು ಕಡಿಮೆ ಮಾಡುವುದು ಲೀನ್ ಎಂದಾದರೆ ಮಲೆನಾಡಿನವರು ಆ ಕೆಲಸಕ್ಕೆ ಇಳಿದದ್ದು ಆ ಹೆಸರು ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲು!

ಪೋಲಾಗುವ ದಾಸ್ತಾನು ಮೂಟೆಯದ್ದಲ್ಲ, ಅಂಗಳದ್ದು. ಅರ್ಧ ಸುಲಿದದ್ದು, ಅರ್ಧ ಬೆಂದದ್ದು, ಅರ್ಧ ಒಣಗಿದ್ದು. ಮೂಟೆ ಕಾದರೆ ದರ ಬರಬಹುದು. ಅರೆಒಣಗಿದ ಅಡಿಕೆ ಕಾದರೆ ಬೂಸ್ಟು ಬರುತ್ತದೆ.

ಕಾಯಿಸುವ ಚಟ

ಜನರ ಹೊತ್ತನ್ನು ಪುಕ್ಕಟೆ ಎಂದು ತಿಳಿಯುವ ಚಟ ಅಡಿಕೆ ಅಂಗಳದ್ದಷ್ಟೇ ಅಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ನಿಂತ ಮೇಲೆ ತುಮರಿ, ಸಿಗಂದೂರು ಕಡೆಯವರು ಸಾಗರಕ್ಕೆ ಬರಲು ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದರು. ಸಂಜೆಯ ಕೊನೇ ಲಾಂಚು ತಪ್ಪಿದರೆ ದಡದಲ್ಲೇ ರಾತ್ರಿ, ಇಲ್ಲವೇ ಊರು ಸುತ್ತಿ ಪ್ರಯಾಣ. ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಸುಮಾರು 2.4 ಕಿ.ಮೀ. ಉದ್ದದ ಸೇತುವೆ ಓಡಾಟಕ್ಕೆ ತೆರೆದದ್ದು 2025ರ ಜುಲೈ 14ರಂದು. ನಾಡಿಗೆಲ್ಲ ಬೆಳಕು ಕೊಡಲು ಮುಳುಗಿದ ಊರುಗಳ ಜನ ಅರವತ್ತೊಂದು ವರ್ಷ ದಡದಲ್ಲಿ ನಿಂತರು. ಅಷ್ಟು ತಾಸುಗಳನ್ನು ಯಾವ ಇಲಾಖೆಯ ಲೆಕ್ಕದಲ್ಲಿ ಬರೆಯುವುದು?

ಸರ್ಕಾರಿ ಆಫೀಸುಗಳ ಕಾಯಿಸುವಿಕೆಗೆ ಮದ್ದು ಎಂದು 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ 'ಸಕಾಲ' ಬಂತು. ಇಂಥ ಕೆಲಸಕ್ಕೆ ಇಷ್ಟೇ ದಿನ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಎಂಬ ಕಾನೂನು. ಜನರ ಹೊತ್ತಿಗೂ ಒಂದು ಬೆಲೆ ಇದೆ ಎಂದು ಸರ್ಕಾರ ಒಪ್ಪಿಕೊಂಡಿತಲ್ಲ, ಅದೇ ದೊಡ್ಡದು. ಕೊರತೆ ಎಲ್ಲಿ ಎಂದರೆ, ಗಡಿಯಾರ ಓಡಲು ಶುರುವಾಗುವುದು ಅರ್ಜಿ ಸ್ವೀಕಾರವಾದ ಮೇಲೆ. "ಆ ಕಾಗದ ಇಲ್ಲ, ನಾಳೆ ಬನ್ನಿ" ಎಂದು ವಾಪಸ್ಸು ಕಳಿಸಿದ ದಿನಗಳು ಎಲ್ಲೂ ದಾಖಲಾಗುವುದಿಲ್ಲ. ಕತ್ತಿ ಎದುರು ಕಾದು ಕೂತ ಹೆಂಗಸರ ಎರಡು ತಾಸಿನ ಹಾಗೆ.

ಹಗ್ಗ ಎಳೆಯುವವರು

ಟೊಯೋಟಾ ಕಾರ್ಖಾನೆಯಲ್ಲಿ ಒಂದು ಹಗ್ಗ ಇರುತ್ತದೆ. ಸಾಲಿನಲ್ಲಿ ಕೆಲಸ ಮಾಡುವ ಯಾವ ಕಾರ್ಮಿಕನಿಗೇ ಆಗಲಿ ತಪ್ಪು ಕಂಡರೆ ಅದನ್ನು ಎಳೆಯಬಹುದು. ಮೇಲಿನವರು ಓಡಿ ಬರುತ್ತಾರೆ, ತಪ್ಪು ಸರಿಯಾಗದಿದ್ದರೆ ಸಾಲೇ ನಿಲ್ಲುತ್ತದೆ. ಲೀನ್ ಎಂದರೆ ಆಳು ಕಡಿತ ಎಂದು ತಿಳಿದಿರುವ ಕಂಪನಿಗಳಿಗೆ ಈ ಹಗ್ಗದ ನೆನಪು ಬರುವುದಿಲ್ಲ ಎಂಬುದು ಬೇರೆ ಮಾತು.

ಅಡಿಕೆ ಅಂಗಳದಲ್ಲಿ ಆ ಹಗ್ಗ ಯಾರ ಕೈಯಲ್ಲಿದೆ? ರಾಶಿ ಜಾಸ್ತಿಯಾಯಿತು, ಇವತ್ತಿಗೆ ಕೊನೆ ಸಾಕು ಎಂಬುದು ಮೊದಲು ಗೊತ್ತಾಗುವುದು ಹಂಡೆ ಎದುರು ಹೊಗೆ ಕುಡಿಯುತ್ತ ಕೂತವರಿಗೆ. ಸುಲಿಯುವ ಹೆಂಗಸರಿಗೆ. ಇವರೆಲ್ಲರಿಗಿಂತ ಮೊದಲು ಅಡುಗೆ ಮನೆಯಲ್ಲಿರುವ ಅಮ್ಮನವರಿಗೆ. "ಊಟಕ್ಕೆ ಎಷ್ಟು ಜನ?" ಎಂದು ಬೆಳಿಗ್ಗೆಯಿಂದ ಕೇಳುತ್ತಲೇ ಇದ್ದಾರೆ. ಸರಿಯಾದ ಉತ್ತರ ಸಿಕ್ಕಿಲ್ಲ. ಹದಿನೈದು ಜನಕ್ಕೆ ಅಕ್ಕಿ ಹಾಕಿದರೆ ಒಂಬತ್ತು ಜನ ಬರುತ್ತಾರೆ. ಒಂಬತ್ತಕ್ಕೆ ಹಾಕಿದ ದಿನ ಹದಿನೇಳು!

ಈ ಬೆಳಿಗ್ಗೆಯ ಒಂದು ಪ್ರಶ್ನೆಗೆ ಹಿಂದಿನ ರಾತ್ರಿಯೇ ಉತ್ತರ ಕೊಡಲು ಆಗುವ ಮನೆಯಲ್ಲಿ ಉಳಿದದ್ದೂ ತಕ್ಕಮಟ್ಟಿಗೆ ಸರಿಯಿರುತ್ತದೆ. ಕೊನೆ ತೆಗೆಯುವವನು ಎಷ್ಟು ಗಂಟೆಗೆ, ಎಷ್ಟು ಮರ, ಸುಲಿಯುವವರು ಎಷ್ಟು ಗಂಟೆಗೆ, ಎಷ್ಟು ಒಬ್ಬೆ. ಗೋಡೆಗೊಂದು ಹಲಗೆ, ಒಂದು ತುಂಡು ಸೀಮೆಸುಣ್ಣ. ಕೇರಿಯ ನಾಲ್ಕು ಮನೆಯವರು ಕೂತು ಕೊನೆ ತೆಗೆಯುವವನ ದಿನಗಳನ್ನು ಹಂಚಿಕೊಂಡರೆ ಆ ಹಲಗೆ ನಾಲ್ಕೂ ಮನೆಗೆ ಒಂದೇ ಸಾಕು.

"ಅದೆಲ್ಲ ಕಾರ್ಖಾನೆಗೆ ಸರಿ, ನಮ್ಮಲ್ಲಿ ನಡೆಯೂದಿಲ್ಲ" ಎಂಬ ಮಾತು ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಿಂದ ಹೊಸನಗರದ ಹೋಟೆಲಿನವರೆಗೆ ಕೇಳುತ್ತದೆ. ಆ ಮಾತು ಆಡುತ್ತಿರುವಾಗಲೇ ಹೊರಗೆ ಹಸಿ ಅಡಿಕೆ ಟ್ರಾಕ್ಟರು ಹೋಗುತ್ತದೆ, ಅದರ ಹಿಂದೆ ಇನ್ನೊಂದು. ಎರಡೂ ಹೋಗುವುದು ಒಂದೇ ಅಂಗಳಕ್ಕೆ. ಅಲ್ಲಿ ನಿನ್ನೆಯದೇ ಇನ್ನೂ ಸುಲಿದು ಮುಗಿದಿಲ್ಲ.